ಹತ್ತರಲ್ಲಿ ಏಳು

ನೆರೆ ಮುನ್ಸೂಚನೆ ಕಚೇರಿಯಲ್ಲಿ ನದಿಯ ಲೆಕ್ಕ ನೋಡುವುದು ತಂಗಿಯ ಕೆಲಸ. ಮೇಲ್ಭಾಗದಲ್ಲಿ ಬಿದ್ದ ಮಳೆ ಊರು ಮುಟ್ಟಲು ಎಷ್ಟು ಗಂಟೆ ಬೇಕೆಂದು ಬಾಯಿಲೆಕ್ಕದಲ್ಲೇ ಹೇಳಬಲ್ಲಳು. ಆದರೆ ಅದೇ ಊರಿನ ಹೊಳೆದಂಡೆಯ ಬೀದಿಯಲ್ಲಿದ್ದ ಅಕ್ಕ ಅವಳೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಆ ವರ್ಷ "ನೀರು ಬಂದೇ ಬರುತ್ತೆ, ಹೊರಡು" ಎಂದು ತಂಗಿಯೇ ಅಕ್ಕನನ್ನು ಮನೆ ಬಿಡಿಸಿದ್ದಳು. ನೀರು ಬರಲಿಲ್ಲ. ಖಾಲಿ ಬೀದಿಗೆ ಕಳ್ಳರು ಬಂದರು; ಅಕ್ಕನ ಹೊಟ್ಟೆಪಾಡಾಗಿದ್ದ ಎರಡೂ ಹೊಲಿಗೆ ಯಂತ್ರಗಳು ಹೋದವು. ಅಂದಿನಿಂದ ಅಕ್ಕ ಅವಳ ಫೋನು ಎತ್ತಿದ್ದಿಲ್ಲ. ಕಚೇರಿ ಬಿಟ್ಟ ಮೇಲೆ ತಂಗಿ ಸುತ್ತು ಹಾಕಿಕೊಂಡು ಆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಕಿಟಕಿಯಲ್ಲಿ ಅಕ್ಕ ಒಮ್ಮೆ ಹಾದುಹೋದರೆ ಸಾಕು, ಮನೆಯ ದಾರಿ ಹಿಡಿಯುತ್ತಿದ್ದಳು.

ಈ ಸಲ ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಳತೆಕಂಬದಲ್ಲಿ ನೀರು ಗಂಟೆಗೆ ಒಂದಡಿಯಂತೆ ಏರತೊಡಗಿತು. ಎಚ್ಚರಿಕೆ ಹೋಯಿತು. ಹೊಳೆದಂಡೆಯವರು ಮಾತ್ರ ಕದಲಲಿಲ್ಲ. "ಇವರ ನೀರು ಕಾಗದದ ಮೇಲೇ ಹರಿಯೋದು" ಎಂದು ನಕ್ಕರಂತೆ. ತಂಗಿ ಎದೆ ಗಟ್ಟಿ ಮಾಡಿಕೊಂಡು ಕಚೇರಿಯ ಫೋನಿನಿಂದಲೇ ಅಕ್ಕನಿಗೆ ಕರೆ ಮಾಡಿದಳು. ಗೊತ್ತಿಲ್ಲದ ನಂಬರು, ಅಕ್ಕ ಎತ್ತಿದಳು.

"ಅಕ್ಕಾ, ಇಡಬೇಡ. ಆವತ್ತು ನನ್ನ ಲೆಕ್ಕ ತಪ್ಪಿತು. ಇವತ್ತೂ ತಪ್ಪಬಹುದು. ಹತ್ತರಲ್ಲಿ ಏಳು ಪಾಲು ನೀರು ಬರುತ್ತೆ, ಮೂರು ಪಾಲು ಬರಲ್ಲ. ಬಂದ್ರೆ ಐದು ಗಂಟೆಗೆ ನಿಮ್ಮ ಕಿಟಕಿ ಮುಟ್ಟುತ್ತೆ."



"ಈ ಮೂರು ಪಾಲಿನ ಮಾತು ಆವತ್ತೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ಅಕ್ಕ.

"ಹೇಳಿದ್ರೆ ನೀನು ಹೊರಡಲ್ಲ ಅನ್ನೋ ಭಯ ಇತ್ತು."

ಅಕ್ಕ ಫೋನು ಇಟ್ಟುಬಿಟ್ಟಳು.

ಐದೂವರೆಗೆ ಬೀದಿ ಮುಳುಗಿತು. ತಂಗಿ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಬೆಳಿಗ್ಗೆ ಪಾಳಿ ಮುಗಿದದ್ದೇ ತಡ, ಜನರನ್ನು ಇಳಿಸಿದ್ದ ಶಾಲೆಗೆ ಓಡಿದಳು. ಇಡೀ ಬೀದಿ ಅಲ್ಲಿತ್ತು. ಅಕ್ಕನೇ ಮನೆಮನೆಯ ಬಾಗಿಲು ಬಡಿದು, "ಹತ್ತರಲ್ಲಿ ಏಳಂತೆ, ಏಳಿ!" ಎಂದು ಎಲ್ಲರನ್ನೂ ಹೊರಡಿಸಿದ್ದಳಂತೆ.

ಅವಳು ಗೋಡೆಗೊರಗಿ ಕೂತಿದ್ದಳು. ಕೂದಲು ಅರ್ಧ ನರೆತಿತ್ತು. ಬೀದಿಯ ತುದಿಯಿಂದ ಇದು ಕಂಡೇ ಇರಲಿಲ್ಲ.

"ನಮ್ಮನೆಗೆ ಬಾ ಅಕ್ಕಾ."

"ಬರಲ್ಲ ಕಣೇ. ಇನ್ನೂ ಮನಸ್ಸಾಗಿಲ್ಲ." ಅಷ್ಟು ಹೇಳಿ ಅಕ್ಕ ಚಾಪೆಯ ಮೇಲೆ ತುಸು ಸರಿದಳು. "ಕೂತ್ಕೋ. ಕಣ್ಣು ಕೆಂಡದ ಹಾಗಿವೆ."

ತಂಗಿ ಕೂತಳು. ಇಬ್ಬರ ಭುಜಗಳ ನಡುವೆ ಒಂದು ಗೇಣು ಜಾಗವಿತ್ತು. ಅವಳು ಅದನ್ನು ಹಾಗೆಯೇ ಬಿಟ್ಟಳು.