ಗ್ರಾವಿಸ್ ಹೆಸರಿನ ಮೇಲೊಂದು ಗೀಟು

ಗ್ರಾವಿಸ್ ಲಾಟ್ವಿಯಾದಿಂದ ಯುರೋಪಿನ ಸಂಸತ್ತಿಗೆ ನಿಂತಿದ್ದಾನೆಂದು ಕೇಳಿದ ದಿನ, ಕೋಪದಲ್ಲಿ ಮೈಮರೆತು ಕಾರ್ಖಾನೆಯ ಹೊಗೆ ಹಿಡಿಸುವ ಒಲೆಯಲ್ಲಿದ್ದ ಒಂದು ತಟ್ಟೆ ಮೀನನ್ನು ಕರಕಲು ಮಾಡಿದೆ.

ನಾನೂ ಅಕ್ಕನೂ ಕೆಲಸಕ್ಕಿರುವ ಮೀನು ಡಬ್ಬಿ ಕಾರ್ಖಾನೆಯ ಮಾಲೀಕ ಈ ಗ್ರಾವಿಸ್. ಎರಡು ವರ್ಷದ ಹಿಂದೆ ಮುಚ್ಚಳ ಒತ್ತುವ ಯಂತ್ರಕ್ಕೆ ಸಿಕ್ಕಿ ನನ್ನ ಅಕ್ಕ ವಿಜ್ಮಾಳ ಎರಡು ಬೆರಳು ಹೋದವು. ಕೈ ಸಿಕ್ಕದಂತೆ ಯಂತ್ರಕ್ಕಿದ್ದ ತಡೆಗಂಬಿಯನ್ನು, ಕೆಲಸ ನಿಧಾನವಾಗುತ್ತದೆಂದು ಬಿಚ್ಚಿಸಿದ್ದು ಅವನೇ. ವರದಿಯಲ್ಲಿ ಬರೆಸಿದ್ದು ಮಾತ್ರ ಅವಳ ಅಜಾಗರೂಕತೆ ಎಂದು. ಈಗ ಬಸ್ ನಿಲ್ದಾಣದಲ್ಲೆಲ್ಲ ಅವನ ಮುಖ. ಕೆಳಗೆ, ‘ದುಡಿಯುವ ಕೈಗಳ ಪರ’.

ನಮ್ಮಲ್ಲಿ ಮತಗಟ್ಟೆಯಲ್ಲಿ ಪ್ರತಿ ಪಕ್ಷದ್ದೂ ಒಂದೊಂದು ಪಟ್ಟಿ ಕೊಡುತ್ತಾರೆ. ಒಂದನ್ನು ಮಾತ್ರ ಲಕೋಟೆಗೆ ಹಾಕಬೇಕು. ಆ ಪಟ್ಟಿಯಲ್ಲಿ ಬೇಕಾದವರಿಗೆ ಪ್ಲಸ್ ಗುರುತು, ಬೇಡದವರ ಹೆಸರಿನ ಮೇಲೆ ಗೀಟು. ಗೀಟು ಹೆಚ್ಚು ಬಿದ್ದವನು ಕೆಳಗಿಳಿಯುತ್ತಾನೆ. ಗ್ರಾವಿಸ್ ಪಕ್ಷಕ್ಕೆ ಎರಡು ಸ್ಥಾನ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಅವನು ಪಟ್ಟಿಯಲ್ಲಿ ಎರಡನೆಯವನು. ಒಂದು ಮೆಟ್ಟಿಲು ಇಳಿಸಿದರೆ ಸಾಕು, ಮುಗಿಯಿತು. ಆದರೆ ಗೀಟು ಎಳೆಯಬೇಕಾದರೆ ಮತ ಅವನ ಪಕ್ಷಕ್ಕೇ ಹೋಗಬೇಕು. ನಮ್ಮೂರ ಶಾಲೆ ಮುಚ್ಚಿಸಿದ ಪಕ್ಷ ಅದು. ನನ್ನ ಓದು ನಿಂತದ್ದೂ ಅಲ್ಲಿಗೇ.

ಶನಿವಾರ ಬೆಳಿಗ್ಗೆ ಮತಗಟ್ಟೆಯ ದಾರಿಯಲ್ಲಿ, ಗೀಟು ಎಳೆಯುವ ಯೋಚನೆಯನ್ನು ಅಕ್ಕನಿಗೆ ಹೇಳಿದೆ.

“ಅವನನ್ನ ಇಳಿಸೋಕೆ ಅವನ ಪಕ್ಷಕ್ಕೇ ವೋಟ್ ಹಾಕ್ತೀಯಾ? ತಲೆ ನೆಟ್ಟಗಿದೆಯೇನೋ, ಐನಿಸ್?”

“ಬೇರೆ ಪಟ್ಟಿ ಹಾಕಿದ್ರೆ ಅವನಿಗೆ ಸೊಳ್ಳೆ ಕಚ್ಚಿದಂಗೂ ಆಗಲ್ಲ ಕಣಕ್ಕ.”

“ಶಾಲೆ ಮುಚ್ಚಿದವರು ಕಣೋ ಅವರು.”

“ಗೊತ್ತು. ಬೀಗ ಹಾಕಿದ ದಿನ ನಾನೇ ಕಲ್ಲು ಎಸೆದಿದ್ದೆ.”

“ಅದೂ ಗುರಿ ತಪ್ಪಿ ಪಾಪ ಪೋಸ್ಟಿನವನ ಸೈಕಲ್‌ಗೆ ಬಿತ್ತು.” ಅವಳು ನಕ್ಕಳು. “ನಾನಂತೂ ಇನ್ನೊಂದು ಪಕ್ಷದಿಂದ ನಿಂತಿರೋ ಆ ನರ್ಸಮ್ಮನ ಪಟ್ಟಿಗೇ ಹಾಕೋದು. ನನ್ನ ಬೆರಳಿನ ನೆಪ ಹೇಳ್ಬೇಡ. ಏನು ಮಾಡ್ತೀಯೋ ನಿನ್ನ ಹೆಸರಲ್ಲೇ ಮಾಡು.”

ಪರದೆಯ ಹಿಂದೆ ಹೋಗಿ ಪಟ್ಟಿಗಳನ್ನೆಲ್ಲ ಹರಡಿಕೊಂಡೆ. ನರ್ಸಮ್ಮನ ಪಟ್ಟಿಯನ್ನು ಲಕೋಟೆಗೆ ಅರ್ಧ ತುರುಕಿದೆ. ಹೊರಗೆಳೆದೆ. ಮತ್ತೆ ತುರುಕಿದೆ. ಹೊರಗೆ ಯಾರೋ ಮುದುಕ, “ಒಳಗೆ ಮಲಗಿಬಿಟ್ಟೆಯೇನಪ್ಪ?” ಎಂದ. ಥೂ, ಆದದ್ದಾಗಲಿ ಎಂದು ಆ ದರಿದ್ರ ಪಕ್ಷದ ಪಟ್ಟಿ ತೆಗೆದು, ಗ್ರಾವಿಸ್ ಹೆಸರಿನ ಮೇಲೆ ಉದ್ದಕ್ಕೆ ಗೀಟು ಎಳೆದೆ. ಹುಟ್ಟಿದ ಮೇಲೆ ಪೆನ್ನು ಹಿಡಿದು ಇಷ್ಟು ಖುಷಿಪಟ್ಟದ್ದಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ರೇಡಿಯೋದಲ್ಲಿ ಫಲಿತಾಂಶ ಬಂತು. ಪಕ್ಷಕ್ಕೆ ಎರಡು ಸ್ಥಾನ. ಗೀಟು ತಿಂದು ತಿಂದು ಗ್ರಾವಿಸ್ ಮೂರನೆಯವನಾಗಿದ್ದ. ನಾನು ತಟ್ಟೆ ಬಡಿದೆ. ಪಕ್ಕದ ಒಲೆಯವರೂ ಬಡಿದರು. ಎಷ್ಟು ಜನ ನನ್ನ ಹಾಗೆಯೇ ಮೂಗು ಮುಚ್ಚಿಕೊಂಡು ಆ ಪಟ್ಟಿ ಹಾಕಿದ್ದರೋ.

“ನಿಮ್ಮ ಪಕ್ಷ ಗೆದ್ದಿತಲ್ಲ, ಸಿಹಿ ಎಲ್ಲಿ?” ಅಕ್ಕ ಡಬ್ಬಿಗೆ ಚೀಟಿ ಅಂಟಿಸುವ ಕೋಣೆಯಿಂದ ಬಂದು ಕೇಳಿದಳು.

“ನಮ್ಮ ಪಕ್ಷ ಅನ್ಬೇಡ.”

“ವೋಟ್ ಹಾಕಿದ್ದು ನಾನಾ?”

ಅಷ್ಟರಲ್ಲಿ ಗೇಟಿನೊಳಗೆ ಅವನ ಕಾರು ಬಂತು. ಅಕ್ಕ ಕಿಟಕಿಯತ್ತ ನೋಡಿದಳು. “ಬ್ರಸೆಲ್ಸಿಗೆ ತೊಲಗ್ತಿದ್ದೋನನ್ನ ಇಲ್ಲೇ ಕಟ್ಟಿಹಾಕಿದ್ಯಲ್ಲೋ. ಇನ್ನು ಐದು ವರ್ಷ ದಿನಾ ಇದೇ ಮುಖ.”

“ಇಲ್ಲೇ ಇರ್ಲಿ. ಇಲ್ಲಿದ್ರೆ ಕೈಗೆ ಸಿಗ್ತಾನೆ.”

ಮುಚ್ಚಳದ ಯಂತ್ರಕ್ಕೆ ಇವತ್ತಿಗೂ ತಡೆಗಂಬಿ ಇಲ್ಲ. ಅದನ್ನು ಮತ್ತೆ ಹಾಕಿಸೆಂದು ಕೇಳಲು, ಏಪ್ರನ್ ಬಿಚ್ಚಿಟ್ಟು ಅವನ ಕಚೇರಿಯ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದಾಗ ಹಿಂದೆ ಹೆಜ್ಜೆ ಕೇಳಿಸಿತು.

“ಪಕ್ಕಕ್ಕೆ ಸರಿಯೋ,” ಎಂದಳು ಅಕ್ಕ. “ಬಾಗಿಲು ನಾನು ತಟ್ಟಬೇಕು.”