ಎಸ್ತ್ರೇಲಾ ತಂಡದ ನಲವತ್ತರ ಬಟ್ಟೆ

ಎಸ್ತ್ರೇಲಾ ಬಾಸ್ಕೆಟ್‌ಬಾಲ್ ತಂಡಕ್ಕೆ ನಲವತ್ತು ತುಂಬಿದ್ದಕ್ಕೆ ಹೊಸ ಕಪುಲಾನಾ ಬಟ್ಟೆ ಅಚ್ಚು ಹಾಕಿಸುವುದೆಂದು ತೀರ್ಮಾನವಾದಾಗ ಮಾಪುಟೊದಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಮದುವೆಗೆ, ಸಾವಿಗೆ, ಚುನಾವಣೆಗೆ, ಪಾದ್ರಿಯ ವರ್ಗಾವಣೆಗೂ ಹೆಂಗಸರೆಲ್ಲ ಒಂದೇ ಅಚ್ಚಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಳ್ಳುವ ಊರು ಅದು. ಆಫ್ರಿಕಾವನ್ನೇ ಗೆದ್ದ ಹೆಣ್ಣುಮಕ್ಕಳಿಗೆ ಬೇಡವೇ? ಬಟ್ಟೆಯ ಮೇಲೆ ತಂಡದ ಚರಿತ್ರೆಯೇ ಇರಲಿ ಎಂದರು ಅಧ್ಯಕ್ಷ ಅರ್ಲಿಂದು. ಮೇಲ್ವಿಚಾರಣೆ ಮೊದಲ ನಾಯಕಿ ಜುಲ್ಮಿರಾಳ ಹೆಗಲಿಗೆ ಬಿತ್ತು.

ಚರಿತ್ರೆ ಅವಳಿಗೆ ಬಾಯಿಪಾಠ. ಗೋಡಂಬಿ ಕಾರ್ಖಾನೆಯ ಹಿಂದಿನ ಸಿಮೆಂಟಿನ ಅಂಗಳ, ಸಿಪ್ಪೆ ಸುಲಿದು ಕಪ್ಪಾದ ಬೆರಳುಗಳ ಹುಡುಗಿಯರು, ಯುದ್ಧದ ವರ್ಷಗಳಲ್ಲಿ ತೇಪೆ ಹಾಕಿದ ಚೆಂಡಿನಲ್ಲಿ ಆಡಿದ್ದು, ಡಾಕಾರಿನಲ್ಲಿ ಗೆದ್ದ ಮೊದಲ ಕಪ್. ಆಮೇಲೆ ಸಂಬಳ ಬಂತು, ಪೋರ್ಚುಗಲ್ಲಿನ ತರಬೇತುದಾರ ಬಂದ, ಇನ್ನಷ್ಟು ಕಪ್‌ಗಳು ಬಂದವು.

ಸಂಬಳ ಬಂದ ವರ್ಷವೇ ಜುಲ್ಮಿರಾಳ ಜೀವದ ಗೆಳತಿ ಓರ್ತೆನ್ಸಿಯಾ ಎದುರಾಳಿ ತಂಡ ಸೇರಿದಳು. ಬುಟ್ಟಿಯ ಕೆಳಗೆ ಅವಳು ನಿಂತರೆ ಎದುರಿನವರಿಗೆ ಆಕಾಶ ಕಾಣುತ್ತಿರಲಿಲ್ಲ. ಗಣಿಗೆ ಹೋದ ಗಂಡ ಹಿಂತಿರುಗಿರಲಿಲ್ಲ, ಇಬ್ಬರು ಮಕ್ಕಳು, ಆ ತಂಡದವರು ಮನೆ ಕೊಡುತ್ತೇವೆಂದಿದ್ದರು. ಹೋದಳೆಂದು ಜುಲ್ಮಿರಾಗೆ ಸಿಟ್ಟಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವಳು ಆ ಸುದ್ದಿಯನ್ನು ತನಗಿಂತ ಮೊದಲು ರೇಡಿಯೊದವರಿಗೆ ಹೇಳಿದಳಲ್ಲ, ಅದು ನೋವು. ಆ ನೋವಿಗೆ ಅವಳು ಇಪ್ಪತ್ತು ವರ್ಷಕ್ಕೂ ಮೀರಿ ನೀರೆರೆದಿದ್ದಳು. ಈಚೆಗೆ ತನ್ನ ಗಂಡ ತೀರಿಕೊಂಡ ಮೇಲೆ ಮಾತ್ರ, ಏನಾದರೂ ನೆನೆದು ನಗು ಬಂದಾಗ ಜೊತೆಗೆ ನಗುವವರಿಲ್ಲವೆಂದು ಎದೆ ಖಾಲಿಯಾಗುತ್ತಿತ್ತು. ಆಗ ನೆನಪಾಗುತ್ತಿದ್ದವಳು ಓರ್ತೆನ್ಸಿಯಾಳೇ.

ಬಿಟ್ಟುಹೋದವಳಿಗೆ ಬಟ್ಟೆಯಲ್ಲಿ ಜಾಗವಿಲ್ಲವೆಂದು ಅಧ್ಯಕ್ಷರು ಅಚ್ಚಿಗೆಂದು ಆರಿಸಿದ್ದ ಡಾಕಾರಿನ ಫೋಟೋದಿಂದ ಅವಳನ್ನು ತೆಗೆಸಿದರು. ಜುಲ್ಮಿರಾ ಸುಮ್ಮನಿದ್ದಳು. ಆ ಸುಮ್ಮನಿರುವಿಕೆ ಅವಳಿಗೇ ರುಚಿಸಲಿಲ್ಲ.

ಮಾದರಿ ಬಟ್ಟೆ ಬಂದ ದಿನ ಹಳೆಯ ಆಟಗಾರ್ತಿಯರು ಕ್ಲಬ್ಬಿನ ಅಂಗಳದಲ್ಲಿ ಬ್ರೆಡ್ಡಿನೊಳಗೆ ಬಜಿಯಾ ಇಟ್ಟುಕೊಂಡು ತಿನ್ನುತ್ತಿದ್ದರು. ಬಟ್ಟೆಯ ತುಂಬ ಕಪ್‌ಗಳು, ಅಂಚಿನಲ್ಲಿ ಆ ಫೋಟೋದ ನಾಲ್ಕು ಮುಖಗಳು, ನಟ್ಟನಡುವೆ ಅಧ್ಯಕ್ಷರ ನಗುಮುಖ. ಜುಲ್ಮಿರಾಳ ಹೆಗಲ ಮೇಲೆ ಮಾತ್ರ ದೇಹವಿಲ್ಲದ ಒಂದು ತೋಳು.

"ಈ ಕೈ ಯಾರದಕ್ಕ? ಪೊಲೀಸಿನೋರದಾ?" ಎಂದಳು ಗ್ರಾಸಿಯೆತ್. ತಂಡದಲ್ಲಿ ಅವಳ ಓಟಕ್ಕಿಂತ ಬಾಯಿಯೇ ಜೋರು.

ಹಾಗೆಂದವಳೇ ಬಟ್ಟೆ ಸುತ್ತಿಕೊಂಡು ನಾಲ್ಕು ಹೆಜ್ಜೆ ನಡೆದಳು. ಅಂಗಳವೆಲ್ಲ ನಗುವಿನಲ್ಲಿ ಮುಳುಗಿತು. ಬಟ್ಟೆಯ ಮೇಲಿನ ಅಧ್ಯಕ್ಷರು ಸರಿಯಾಗಿ ಅವಳ ಹಿಂಭಾಗದ ಮೇಲೆ ಕೂತು, ಹೆಜ್ಜೆಗೊಮ್ಮೆ ಕಣ್ಣು ಹೊಡೆಯುತ್ತಿದ್ದರು. ನಡುವಿನ ಚಿತ್ರ ಎಲ್ಲಿಗೆ ಬೀಳುತ್ತದೆಂದು ಯಾವ ಹೆಣ್ಣಿಗೂ ಗೊತ್ತು. ಕ್ಲಬ್ಬಿನ ಗಂಡಸರು ಅದನ್ನು ಗೋಡೆಗೆ ನೇತುಹಾಕಿ ಒಪ್ಪಿಕೊಂಡಿದ್ದರು. ಜುಲ್ಮಿರಾಳೂ ಬಟ್ಟೆಯಲ್ಲಿ ಇಲ್ಲದ ಮುಖವನ್ನೇ ಹುಡುಕುತ್ತ, ನಡುವೆ ಇದ್ದ ಮುಖವನ್ನು ಗಮನಿಸಿರಲಿಲ್ಲ.

ಅಲ್ಲೇ ನಿಂತಿದ್ದ ಅಧ್ಯಕ್ಷರು ಕಿವಿ ಕೆಂಪಾಗಿಸಿಕೊಂಡು ಮತ್ತೆ ಅಚ್ಚು ಹಾಕಿಸೋಣ, ನನ್ನನ್ನು ಅಂಚಿಗೆ ಸರಿಸಿ ಎಂದರು. ನಡುವೆ ಯಾರನ್ನು ಹಾಕುವುದು?

"ಓರ್ತೆನ್ಸಿಯಾನ ಹಾಕ್ಸಿ. ಬಿಟ್ಟೋದೋಳು ತಾನೇ, ಎಲ್ರೂ ಅವಳ ಮೇಲೆ ಕೂತ್ಕೊಳ್ಳೋಣ," ಎಂದಳು ಗ್ರಾಸಿಯೆತ್. ಅಧ್ಯಕ್ಷರು ತಕ್ಷಣ ಒಪ್ಪಿ ತಲೆಯಾಡಿಸಿದರು.

"ಅವಳನ್ನ ಕೇಳ್ದೆ ಹಾಕೋ ಹಾಗಿಲ್ಲ," ಎಂದಿತು ಒಂದು ದನಿ. ಅದು ತನ್ನದೇ ಎಂದು ಜುಲ್ಮಿರಾಗೆ ಆಮೇಲೆ ತಿಳಿಯಿತು. "ನಾನೇ ಹೋಗಿ ಕೇಳ್ತೀನಿ."

ಓರ್ತೆನ್ಸಿಯಾಳ ಮನೆಯಿದ್ದ ಮತೋಲಾದವರೆಗೂ ವ್ಯಾನಿನಲ್ಲಿ ಜುಲ್ಮಿರಾ ಬಟ್ಟೆಯನ್ನು ಮಡಿಲಲ್ಲಿ ಅಮುಕಿಕೊಂಡೇ ಕೂತಿದ್ದಳು. ತನ್ನನ್ನು ಕಂಡು ಅವಳು ಬಾಗಿಲು ಹಾಕಿಕೊಂಡರೆ? ಆಮೇಲೆ ನೆನೆಯುವುದಕ್ಕೂ ಯಾರೂ ಉಳಿಯುವುದಿಲ್ಲ.

ಓರ್ತೆನ್ಸಿಯಾ ಮಾವಿನ ಮರದ ಕೆಳಗೆ ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಳು. ಬಂದವಳನ್ನು ಕಂಡು ಕೈ ನಿಂತಿತು.

"ಯಾರು ಸತ್ರು?"

ಯಾರೂ ಇಲ್ಲವೆಂದು ಹೇಳಿ ಜುಲ್ಮಿರಾ ಚಾಪೆಯ ಮೇಲೆ ಬಟ್ಟೆ ಹಾಸಿದಳು. ನಡೆದದ್ದನ್ನೆಲ್ಲ, ತಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಸೇರಿಸಿ ಹೇಳಿದಳು. ಓರ್ತೆನ್ಸಿಯಾ ಬಟ್ಟೆಯ ಮೇಲೆ ಉಳಿದಿದ್ದ ತನ್ನ ತೋಳನ್ನು ಬೆರಳಿಂದ ಮುಟ್ಟಿದಳು.

"ಅಲ್ವೇ, ಇಷ್ಟು ವರ್ಷ ನೀನೊಬ್ಳು ನನ್ ಮೇಲೆ ಕೂತಿದ್ದು ಸಾಲ್ದು ಅಂತ ಈಗ ಊರೋರ್ನೆಲ್ಲ ಕರ್ಕೊಂಡ್ ಬಂದ್ಯಾ?"

ಜುಲ್ಮಿರಾಗೆ ನಗು ಒತ್ತರಿಸಿ ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು.

"ರೇಡಿಯೊದಲ್ಲಿ ಕೇಳ್ದೆ ಕಣೇ ನಾನು."

"ನಿನ್ ಮುಖ ನೋಡಿದ್ರೆ ಹೋಗೋಕ್ಕಾಗ್ತಿರ್ಲಿಲ್ಲ. ಮಕ್ಕಳಿಗೆ ಸೂರು ಬೇಕಿತ್ತು." ಓರ್ತೆನ್ಸಿಯಾ ಕೋಳಿಗಳ ಕಡೆ ತಿರುಗಿದಳು. "ನಾನೇ ಬಂದು ಹೇಳ್ಬೇಕಿತ್ತು. ಬರ್ಲಿಲ್ಲ."

ಆ ಮಾತಿಗೆ ಎಷ್ಟು ವರ್ಷ ಕಾದಿದ್ದೆನೆಂದು ಜುಲ್ಮಿರಾ ಲೆಕ್ಕ ಹಾಕಲಿಲ್ಲ. ಕಾಳಿನ ಬಟ್ಟಲು ಕೈಗೆತ್ತಿಕೊಂಡಳು.

ಓರ್ತೆನ್ಸಿಯಾ ಒಪ್ಪಿದಳು, ಒಂದು ಷರತ್ತಿನ ಮೇಲೆ: ನಡುವೆ ತಾನೊಬ್ಬಳೇ ಇರಕೂಡದು. ಒಂದು ಬದಿಗೆ ತಾನು, ಇನ್ನೊಂದು ಬದಿಗೆ ಜುಲ್ಮಿರಾ.

ನಲವತ್ತರ ಪಂದ್ಯದ ದಿನ ಕ್ರೀಡಾಂಗಣದ ಮೆಟ್ಟಿಲುಗಳ ತುಂಬ ಆ ಬಟ್ಟೆಯೇ. ಎಸ್ತ್ರೇಲಾ ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಹೆಂಗಸರು ಎದ್ದು ಅಂಗಣಕ್ಕೆ ಬೆನ್ನು ತಿರುಗಿಸಿ ಸೊಂಟ ಕುಣಿಸುತ್ತಿದ್ದರು. ಬಟ್ಟೆಯ ಮೇಲಿನ ಇಬ್ಬರು ಗೆಳತಿಯರ ಮುಖಗಳು ನೂರಾರು ಕಡೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಮುಂದಿನ ಸಾಲಿನಲ್ಲಿ ಕುಣಿದು ಸುಸ್ತಾದ ಜುಲ್ಮಿರಾ ಧಪ್ಪನೆ ಕೂರಲು ಹೋದಾಗ ಪಕ್ಕದಿಂದ ಒಂದು ಉದ್ದನೆಯ ಕೈ ಅವಳ ರಟ್ಟೆ ಹಿಡಿಯಿತು.

"ಮೆಲ್ಲಗೆ ಕಣೇ," ಎಂದಳು ಓರ್ತೆನ್ಸಿಯಾ, "ಕೆಳಗೆ ನಾನಿದೀನಿ."