ಪಾಲಯ್ಯಜ್ಜನ ಹುಳದ ಮದ್ದು

ನಮ್ಮ ಮದಕರಿಪುರದಲ್ಲಿ ಕುರಿಮದ್ದಿನ ಪುಸ್ತಕವೊಂದಿತ್ತು. ಅದಕ್ಕೆ ಯಜಮಾನರಿಲ್ಲ, ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದಿತ್ತು. ಬೇರೆ ಊರಿನವರ ಮದ್ದು ಸೇರಿಸಿದರೆ ಮಾತ್ರ ಮೇಲೆ ಕೊಟ್ಟವರ ಹೆಸರಿರಬೇಕು. ವರ್ಷವೂ ಮಳೆಗಾಲಕ್ಕೆ ಮುಂಚೆ ನಮ್ಮವರೊಬ್ಬರು ಆ ಕೊಟ್ಟವರ ಬಳಿ ಹೋಗಿ, ಮದ್ದಿನಲ್ಲೇನಾದರೂ ಬದಲಾಯಿಸಿದ್ದಾರೆಯೇ ಎಂದು ಕೇಳಿ ಬರಬೇಕು. ಇದು ಹಿರಿಯರ ಕಟ್ಟಳೆ.

ಎಪ್ಪತ್ತನಾಲ್ಕರಲ್ಲಿ ಪುಸ್ತಕ ಚಿಂದಿಯಾದಾಗ ಹೊಸದಕ್ಕೆ ನಕಲು ಮಾಡಿದವನು ನಾನು. ಕುರಿಗಾರರಲ್ಲಿ ಏಳನೇ ಕ್ಲಾಸು ಓದಿದವನು ನಾನೊಬ್ಬನೇ, ಆ ಕೊಬ್ಬು ಬೇರೆ. ಪುಟಪುಟಕ್ಕೂ ಪರ ಊರಿನವರ ಹೆಸರು ಕಂಡು ಸಿಟ್ಟು ಬಂತು. ನಮ್ಮ ಪುಸ್ತಕದಲ್ಲಿ ಇವರದೇನು ದರ್ಬಾರು ಎಂದು ಎಲ್ಲ ಹೆಸರನ್ನೂ ಬಿಟ್ಟೆ. ಅಕ್ಷರ ಮುತ್ತಿನಂತಿದೆ ಎಂದು ಊರು ಹೊಗಳಿತು. ಹೆಸರಿಲ್ಲದ ಮೇಲೆ ಯಾರನ್ನು ಹೋಗಿ ಕೇಳುವುದು? ಆ ಪದ್ಧತಿಯೂ ನಿಂತಿತು.

ಎರಡು ವರ್ಷದ ಮೇಲೆ ಯಲ್ಲದಕೆರೆಯ ಮುದ್ದಪ್ಪ ಬಂದ.

“ಎತ್ತಪ್ಪಣ್ಣ, ನಮ್ಮೂರ ಪಾಲಯ್ಯಜ್ಜ ಹೇಳಿ ಕಳಿಸ್ತು. ಮದ್ದಿಗಾಕೋಕೆ ಅಂಗಡೀಲಿ ಈಗ ಬರೋ ಮೈಲುತುತ್ತ ಬಾಳ ಖಾರ ಐತಂತೆ. ಅಜ್ಜನ ಹುಳದ ಮದ್ದು ನಿಮ್ ಪುಸ್ತಕದಾಗಿದ್ರೆ ಅರ್ಧಕ್ಕಿಳಿಸ್ರಿ.”

ಹುಳದ ಮದ್ದು ನಾಲ್ಕಿದ್ದವು, ನಾಲ್ಕಕ್ಕೂ ಮೈಲುತುತ್ತವೇ. ಅಜ್ಜನದು ಯಾವುದೋ ತಿಳಿಯಲಿಲ್ಲ. ಕೇಳಿದರೆ ಹೆಸರು ಬಿಟ್ಟಿದ್ದು ಬಯಲಾಗುತ್ತದೆ.

“ಇಲ್ಲ ಬಿಡಪ್ಪ, ನಮ್ಮವೇ ಬೇರೆ,” ಎಂದೆ.

ಹದಿನೈದು ದಿನಕ್ಕೆ ನಮ್ಮೂರ ಯಲ್ಲಕ್ಕ ಹುಳದ ಮದ್ದು ಕೇಳಿಕೊಂಡು ಬಂದಳು. ಗಂಡ ತೀರಿದ ಮೇಲೆ ಹತ್ತೊಂಬತ್ತು ಕುರಿಗಳನ್ನೇ ನಂಬಿದ್ದವಳು. ನಾಲ್ಕರಲ್ಲೊಂದನ್ನು ಬರೆದಿದ್ದಂತೆಯೇ ನಾನೇ ಓದಿ ಹೇಳಿದೆ: ಕುರಿಗೆ ಒಂದು ಗೊಟ್ಟ. ಬಿದಿರಿನ ಗೊಟ್ಟ ತುಂಬಿ ಒಂದೊಂದಕ್ಕೂ ಕುಡಿಸಿದಳು. ಮಾರನೆಯ ಮಧ್ಯಾಹ್ನಕ್ಕೆ ಹದಿನಾರು ಕುರಿ ಸತ್ತು ಬಿದ್ದಿದ್ದವು. ತಾಯಿಯ ತಣ್ಣನೆಯ ಕೆಚ್ಚಲಿಗೆ ಬಾಯಿ ಹಾಕುತ್ತಿದ್ದ ಮರಿಯನ್ನು ಬಿಡಿಸಿ ಯಲ್ಲಕ್ಕ ಮಡಿಲಿಗೆ ಹಾಕಿಕೊಂಡಳು. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಸುದ್ದಿ ಮುಟ್ಟಿ ಪಾಲಯ್ಯಜ್ಜ ಬಸ್ಸು ಹತ್ತಿ ಬಂದ. ಎಂಬತ್ತು ದಾಟಿದ ಜೀವ. ಕುಡಿಸಿದ್ದು ಯಾವ ಮದ್ದೆಂದು ಕೇಳಿದ. ಯಲ್ಲಕ್ಕ ಹೇಳುತ್ತಿದ್ದಂತೆ ಅದು ತನ್ನದೇ ಎಂದು ಗೊತ್ತಾಗಿ ಕುಸಿದು, ಅವಳ ಕಾಲು ಹಿಡಿದ.

“ತಪ್ಪಾತು ತಾಯಿ. ಪುಸ್ತಕದಾಗಿಲ್ಲ ಅಂದ್ರಂತೆ, ಸುಮ್ನಾಗ್ಬಿಟ್ಟೆ. ನಾನೇ ಬಂದು ನೋಡ್ಬೇಕಿತ್ತು. ನನ್ ಮದ್ದೇ ನಿನ್ ಮನಿ ತೆಗೀತು.”

ತಪ್ಪು ನನ್ನದು ಎನ್ನಬೇಕಿತ್ತು. ನಾನು ಬಾಯಿ ಬಿಡಲಿಲ್ಲ.

“ಏಳಜ್ಜ, ನೀನೇನ್ ಮಾಡ್ತೀಯ, ನಮ್ ಹಣೇಬರ,” ಎಂದು ಯಲ್ಲಕ್ಕ ಅವನನ್ನು ಎತ್ತಿ ಕೂರಿಸಿದಳು. “ಎತ್ತಪ್ಪಣ್ಣ, ಅಜ್ಜಂಗೆ ಒಂದೀಟು ನೀರು ಕೊಡು.”

ತಂದುಕೊಟ್ಟೆ. ಮುದುಕ ನನಗೆ ಕೈಮುಗಿದು ಕುಡಿದ.